ಹಗೇವು ತೋಡಿದ ಮನೆ

ಮೊರಬದವರಿಗೆ ಕಲಘಟಗಿ ಸೀಮೆ ಅಂದರೆ ಪರದೇಶ. ದೂರ ಹೆಚ್ಚಿಲ್ಲ, ಮುಂಜಾನೆ ಬಸ್ಸು ಹತ್ತಿ ಹುಬ್ಬಳ್ಳಿಯಲ್ಲಿ ಇನ್ನೊಂದಕ್ಕೆ ಬದಲಿಸಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟಬಹುದು. ಆದರೆ ಅಲ್ಲಿ ಮಣ್ಣು ಕೆಂಪು, ಊಟಕ್ಕೆ ಅನ್ನ, ಮಳೆ ಹಿಡಿಯಿತೆಂದರೆ ಬಿಡುವ ಮಾತೇ ಇಲ್ಲ. ಎರೆಮಣ್ಣಿನಲ್ಲಿ ಹುಟ್ಟಿ, ಜೋಳದ ರೊಟ್ಟಿ ತಿಂದು, ಮೋಡದ ದಾರಿ ನೋಡುತ್ತಲೇ ತಲೆ ಬೆಳ್ಳಗೆ ಮಾಡಿಕೊಳ್ಳುವ ಜನಕ್ಕೆ ಇದಕ್ಕಿಂತ ಬೇರೆ ಪರದೇಶ ಬೇಕೆ? ಅಂಥಲ್ಲಿ ಹೋಗಿ ರೇವವ್ವ ಒಂದು ಮುರುಕು ಮನೆ ಕೊಂಡಳು ಎಂಬ ಸುದ್ದಿ ಬಂದಾಗ ಊರ ಕಟ್ಟೆಯ ಮೇಲೆ ಕೂತವರಿಗೆ ಎಷ್ಟೋ ದಿನ ಬೇರೆ ಮಾತೇ ಬೇಡವಾಯಿತು.

"ಇರಾಕ ಅಲ್ಲಂತ. ರಿಪೇರಿ ಮಾಡಿಸಿ ಮಾರಾಕಂತ."

"ಎಮ್ಮಿ ತಂದು ಮೇಯಿಸಿ ಮಾರೂದು ಕೇಳಿದ್ವಿ. ಮನಿ ಮೇಯಿಸಿ ಮಾರೂದು ಇವತ್ತ ಕೇಳಿದ್ವಿ ನೋಡಪಾ."

ನಗುವವರು ನಗಲಿ. ರೇವವ್ವನಿಗೆ ಆಗ ನಲವತ್ತರ ಆಚೀಚೆ. ಎತ್ತರದ ಹೆಂಗಸು, ದೊಡ್ಡ ದನಿ; ಸಂತೆಯಲ್ಲಿ ಮೆಣಸಿನಕಾಯಿ ಮಾರಿ ಮಾರಿ ಬಾಯಿಯೂ ಅಷ್ಟೇ ಖಾರ. ಗಂಡ ಮೈಲಾರಪ್ಪ ಇದಕ್ಕೆ ತದ್ವಿರುದ್ಧ. ಕೇಳಿದರೆ ಹೂಂ ಅನ್ನುತ್ತಿದ್ದ, ಕೇಳದಿದ್ದರೆ ಅದೂ ಇಲ್ಲ. ಮಕ್ಕಳಿರಲಿಲ್ಲ, ಅದರ ಅಳುವನ್ನು ಇಬ್ಬರೂ ಅತ್ತು ಮುಗಿಸಿ ಬಹಳ ಕಾಲವಾಗಿತ್ತು. ಮೈಲಾರಪ್ಪನಿಗೆ ಜಗತ್ತಿನಲ್ಲಿ ಬೇಕಾದದ್ದು ಒಂದೇ, ತಂದೆಯ ಕಾಲದ ಬನ್ನಿಗಿಡದ ಹೊಲ.

ಆ ಹೊಲ ಕೈಬಿಟ್ಟದ್ದು ಕಾಲಿನ ದೆಸೆಯಿಂದ. ಕೆರೆಗೆ ಇಳಿದು ನೀರು ತುಂಬುವ ಊರುಗಳಲ್ಲಿ ಆಗ ನಾರುಹುಣ್ಣು ಮನೆಮನೆಗೂ ಇತ್ತು. ಕುಡಿದ ನೀರಿನೊಳಗಿನ ಹುಳ ಮೈಯಲ್ಲೇ ಬೆಳೆದು ಕಾಲಿನಿಂದ ದಾರದ ಹಾಗೆ ಹೊರಗೆ ಬರುತ್ತದೆ. ಮೈಲಾರಪ್ಪನ ಎಡಗಾಲಲ್ಲಿ ಅದು ಅರ್ಧಕ್ಕೆ ಹರಿದು, ಕೀವಾಗಿ, ಎರಡು ಹಂಗಾಮು ಅವನನ್ನು ಹಾಸಿಗೆಗೆ ಕೆಡವಿತು. ಎದ್ದಾಗ ಕಾಲು ಸೊಟ್ಟಗಾಗಿತ್ತು. ಅಣ್ಣ ಮಡಿವಾಳೆಪ್ಪ ಕೆಟ್ಟವನೇನಲ್ಲ, ಆದರೆ ಪಾಲಾಗುವಾಗ, "ಕುಂಟ ಮನಶಾ, ನೇಗಿಲ ಹ್ಯಾಂಗ ಹಿಡೀತಾನ?" ಎಂದು ಹೊಲವನ್ನೆಲ್ಲ ತಾನಿಟ್ಟುಕೊಂಡು ತಮ್ಮನ ಕೈಗೆ ರೊಕ್ಕ ಕೊಟ್ಟ. ಅಂದಿನಿಂದ ಮೈಲಾರಪ್ಪ ಬೇರೆಯವರ ಹೊಲದಲ್ಲಿ ದುಡಿದ. ಸಂಜೆ ಮನೆಗೆ ಬರುವಾಗ ಮಾತ್ರ ಸುತ್ತು ಹಾಕಿಕೊಂಡು ಬನ್ನಿಗಿಡದ ಹೊಲದ ಬದುವಿನ ಮೇಲೆ ಬರುತ್ತಿದ್ದ. ರೇವವ್ವನಿಗೆ ಅದನ್ನು ನೋಡಿದಾಗಲೆಲ್ಲ ಕರುಳು ಕಿತ್ತು ಬರುತ್ತಿತ್ತು.

ಆಮೇಲೆ ಮಡಿವಾಳೆಪ್ಪನಿಗೆ ಮಗಳ ಮದುವೆ ಬಂತು, ಹೊಲ ಮಾರುವ ಮಾತು ಬಂತು. ರೇವವ್ವ ಹೋಗಿ ಬಾಗಿಲಲ್ಲಿ ಕೂತಳು. "ಭಾವಾರ, ಹೊಲಾ ನಮಗ ಕೊಡ್ರಿ."

"ರೇಟಿಗೆ ತಗೋರಿ, ನನಗ್ಯಾರಾದ್ರೇನು? ಮುಂದಿನ ವರ್ಷದ ಯುಗಾದಿತನಕ ಕಾಯ್ತೇನಿ. ಆಮ್ಯಾಲ ಮಂದಿಗೆ ಕೊಡ್ತೇನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ."

ಪಾಲಿಗೆ ಬಂದ ರೊಕ್ಕ ಹೊಲದ ಬೆಲೆಯ ಅರ್ಧಕ್ಕೆ ಸಾಲುತ್ತಿತ್ತು. ಒಂದು ವರ್ಷದಲ್ಲಿ ಅದನ್ನು ಇಮ್ಮಡಿ ಮಾಡುವುದು ಹೇಗೆ? ಮೆಣಸಿನಕಾಯಿ ಮಾರಿದರೆ ಈ ಜನ್ಮಕ್ಕೆ ಆಗದು. ಅಷ್ಟರಲ್ಲಿ ಹುಬ್ಬಳ್ಳಿಯ ಸಂತೆಯಲ್ಲಿ ಕಲಘಟಗಿ ಕಡೆಯವರ ಬಾಯಲ್ಲಿ ಒಂದು ಮಾತು ಕಿವಿಗೆ ಬಿತ್ತು. ಉಳುವವನೇ ಒಡೆಯ ಎಂಬ ಕಾಯ್ದೆ ಬಂದು ಹುಣಸಿಕೊಪ್ಪದ ಕುಲಕರ್ಣಿಯವರ ಗದ್ದೆಗಳೆಲ್ಲ ರೈತರಿಗೆ ಹೋಗಿವೆ. ಮಕ್ಕಳು ಧಾರವಾಡದಲ್ಲಿ ನೌಕರಿಗೆ ನಿಂತಿದ್ದಾರೆ. ಹಳ್ಳಿಯ ದೊಡ್ಡ ಹಳೆಯ ಒಕ್ಕಲುತನದ ಮನೆ ಬೀಳುತ್ತಿದೆ, ಬಂದಷ್ಟಕ್ಕೆ ಕೊಡುತ್ತಾರೆ. ರೇವವ್ವ ಮೆಣಸಿನಕಾಯಿ ಚೀಲವನ್ನು ಬಾಜೂದವಳಿಗೆ ಒಪ್ಪಿಸಿ ಅವತ್ತೇ ಬಸ್ಸು ಹತ್ತಿದಳು.

ಮನೆಯ ಹಿರಿಯರಾದ ದ್ವಾರಕಾಬಾಯಿ ತಾವೇ ಬಾಗಿಲು ತೆಗೆದು ತೋರಿಸಿದರು. ದನ ಕಟ್ಟುವ ಹಕ್ಕೆ, ಪಡಸಾಲೆ, ಕತ್ತಲೆಯ ಅಡಿಗೆಮನೆ. ತೊಲೆಗಳಿಗೆ ಗೆದ್ದಲು, ಅಟ್ಟದ ತುಂಬ ಬಾವಲಿ, ಛಾವಣಿಯಲ್ಲಿ ಹಂಚಿಗಿಂತ ಆಕಾಶವೇ ಹೆಚ್ಚು.

"ಗೋಡಿ ಗಟ್ಟಿ ಅದ ನೋಡವಾ. ಮ್ಯಾಲಿಂದಷ್ಟ ಹೋಗ್ಯದ. ನಂದೂ ಹಂಗ ಆಗ್ಯದ," ಎಂದು ಬಾಯಿಯವರು ತಮ್ಮ ತಲೆ ಮುಟ್ಟಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ರೇವವ್ವನಿಗೆ ಅಯ್ಯೋ ಅನ್ನಿಸಿತು. ಅಯ್ಯೋ ಅನ್ನಿಸಿದರೂ ಬೆಲೆಯನ್ನು ಇನ್ನಷ್ಟು ಇಳಿಸಿಯೇ ಕೊಂಡಳು.

ಯುಗಾದಿ ಮುಗಿದ ಮೇಲೆ ಗಂಡಹೆಂಡತಿ ಹಾಸಿಗೆ, ಬೀಸುಕಲ್ಲು, ವರ್ಷದ ಜೋಳ ಎಲ್ಲ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹುಣಸಿಕೊಪ್ಪಕ್ಕೆ ಬಂದರು. ಊರಿನ ಬಡಿಗ ರಹಿಮಾನಸಾಬ ನೆರೆಮನೆಯವನೇ. ಮೊದಲ ದಿನವೇ ಅವನಿಗೂ ರೇವವ್ವನಿಗೂ ಜಗಳ.

"ಇಷ್ಟ್ಯಾಕ ಇಳಿಜಾರು? ಕಿತ್ತ ಹಾಕ್ರಿ ಸಾಬರ. ನಮ್ಮ ಕಡೆಯಂಗ ಸಪಾಟ ಮಣ್ಣಿನ ಮಾಳಗಿ ಮಾಡ್ರಿ. ಈ ಹಂಚಿನ ಮ್ಯಾಲೆ ಹಪ್ಪಳ ಎಲ್ಲೆ ಒಣಗಸೂದು?"

"ಅಕ್ಕಾರ, ಒಂದ ಮಳಿಗಾಲ ಇದ್ದ ನೋಡ್ರಿ. ಆಮ್ಯಾಲ ಹಪ್ಪಳದ ಮಾತಾಡೂಣು."

ಹಂಚಿನ ವಿಷಯದಲ್ಲಿ ರೇವವ್ವ ಗೊಣಗುತ್ತಲೇ ಸೋತಳು. ಗೆದ್ದಲು ತಿಂದ ತೊಲೆಗಳು ಇಳಿದವು, ಹೊಸವು ಏರಿದವು. ಬಾವಲಿಗಳನ್ನು ಹೊಗೆ ಹಾಕಿ ಓಡಿಸಿದ್ದಾಯಿತು. ಮೈಲಾರಪ್ಪ ಕೆಮ್ಮಣ್ಣು ತುಳಿದು ಹದ ಮಾಡಿದ, ರೇವವ್ವ ಗೋಡೆಗೆ ಮೆತ್ತಿದಳು, ನೆಲಕ್ಕೆ ಸಗಣಿ ಸಾರಿಸಿದಳು. ಬಾಗಿಲ ಚೌಕಟ್ಟಿಗೆ ಎಣ್ಣೆ ತಿಕ್ಕಿದಾಗ ಹಳೆಯ ಸಾಗುವಾನಿ ಮಿಂಚತೊಡಗಿತು. ಬೀದಿಯಲ್ಲಿ ಹೋಗುವವರು ನಿಂತು ನೋಡುವಂತಾಯಿತು. ರೇವವ್ವನಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಈ ಕೆಲಸ ತನಗೆ ಇಷ್ಟು ಹಿಡಿಸೀತು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಕತೆಯೇ ಇರಲಿಲ್ಲ. ಎಲ್ಲ ಮುಗಿದ ಮೇಲೆ ಆಕೆ ಅಂಗಳದ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತು, "ಹಗೇವು ಎಲ್ಲೈತಿ?" ಎಂದಳು.

ಎರೆಸೀಮೆಯಲ್ಲಿ ಹಗೇವಿಲ್ಲದ ಮನೆಯನ್ನು ಯಾರೂ ಮನೆ ಅನ್ನುವುದಿಲ್ಲ. ಬಾಯಿ ಸಣ್ಣ, ಹೊಟ್ಟೆ ದೊಡ್ಡದಾಗಿ ನೆಲದೊಳಗೆ ತೋಡಿದ ಗುಂಡಿ ಅದು. ಒಳಗೆ ಒಣಗಿದ ಜೋಳದ ಕಣಿಕೆ ಹಾಸಿ, ಜೋಳ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳಿಗೆ ಹುಳ ಮುಟ್ಟುವುದಿಲ್ಲ. ಕೊಳ್ಳಲು ಬಂದವನು ಮೊದಲು ಹಗೇವು ತೋರಿಸು ಅನ್ನುತ್ತಾನೆ, ಆಗ ಏನು ತೋರಿಸುವುದು? ಇದು ರೇವವ್ವನ ಚಿಂತೆ.

ರಹಿಮಾನಸಾಬ ತಲೆ ಕೆರೆದುಕೊಂಡ. "ನಮ್ಮ ಕಡೆ ಯಾರೂ ತೋಡಂಗಿಲ್ರಿ."

"ಯಾಕ?"

"ಯಾಕಂದ್ರ... ಯಾರೂ ತೋಡಂಗಿಲ್ರಿ. ನನಗೂ ಗೊತ್ತಿಲ್ಲ."

"ಗೊತ್ತಿಲ್ಲದಾವ್ರ ಮಾತ ಕೇಳಿ ನಾ ನಷ್ಟ ಮಾಡ್ಕೋಬೇಕನು?" ಎಂದು ರೇವವ್ವ ಹಾರೆ ತರಿಸಿದಳು. ಮೈಲಾರಪ್ಪನೂ ಇಬ್ಬರು ಆಳುಗಳೂ ತೋಡಿದರು. ಸುಡುಬೇಸಗೆಯಲ್ಲೂ ತಳದ ಮಣ್ಣು ತಣ್ಣಗೆ ಕೈಗೆ ಅಂಟುತ್ತಿತ್ತು. ಮೈಲಾರಪ್ಪ ಒಂದು ಹಿಡಿ ಹಿಂಡಿ ನೋಡಿ, ಮೇಲೆ ನಿಂತ ಹೆಂಡತಿಯ ಮುಖ ನೋಡಿದ. ಆಕೆಯ ಮುಖ ನೋಡಿ ಹಿಡಿಮಣ್ಣನ್ನು ಬುಟ್ಟಿಗೆ ಹಾಕಿದ. "ತಂಪೈತಿ, ಕಾಳು ತಂಪಗ ಇರ್ತಾವ," ಎಂದಳು ರೇವವ್ವ. ಅಡಿಗೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಜೋಳವನ್ನೆಲ್ಲ ಅದರೊಳಗೆ ಸುರಿದು ಬಾಯಿ ಮುಚ್ಚಿಸಿದಳು.

ಮಳೆ ಬಂತು. ಅದನ್ನು ಮಳೆ ಅನ್ನಬೇಕೋ ಬೇರೇನಾದರೂ ಅನ್ನಬೇಕೋ ಮೊರಬದವರಿಗೆ ತಿಳಿಯದು. ಹಗಲಿಲ್ಲ, ರಾತ್ರಿಯಿಲ್ಲ, ಒಂದೇ ಸಮ. ಛಾವಣಿಯಿಂದ ಒಂದು ಹನಿ ಒಳಗೆ ಬೀಳಲಿಲ್ಲ. ರೇವವ್ವ ಹಂಚಿಗೆ ಮನಸ್ಸಿನಲ್ಲೇ ಕೈಮುಗಿದಳು. ಶ್ರಾವಣದ ಒಂದು ಮುಂಜಾನೆ ರಹಿಮಾನಸಾಬನ ಹೆಂಡತಿ ಅಜೀಜಾಬಿ ಮೂಗಿಗೆ ಸೆರಗು ಹಿಡಿದು ಬಂದಳು.

"ಯಕ್ಕಾ, ನಿಮ್ಮ ಅಂಗಳದಾಗ ಏನರ ಸತ್ತೈತೇನು?"

ಚಪ್ಪಡಿ ಸರಿಸಿದರು. ಹಗೇವಿನ ಕುತ್ತಿಗೆಯವರೆಗೆ ನೀರು. ನೀರಿನಲ್ಲಿ ಜೋಳ ಉಬ್ಬಿ, ಹುಳಿತು, ಬುಳುಬುಳು ಗುಳ್ಳೆ ಬಿಡುತ್ತಿತ್ತು. ಸುದ್ದಿ ಹಬ್ಬಿ ಕೊಡೆ ಹಿಡಿದುಕೊಂಡು ಊರೇ ಬಂತು. "ಮೊರಬದಾಕಿ ನೆಲದಾಗ ಅಂಬಲಿ ಕಾಸ್ಯಾಳ," ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ರೇವವ್ವ ಒಳಗೆ ಹೋಗಿ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ವರ್ಷದ ಕೂಳು ಹೋಯಿತು. ಅಂಗಳದಲ್ಲಿ ನಾರುವ ಗುಂಡಿ ಇಟ್ಟುಕೊಂಡ ಮನೆಯನ್ನು ಯಾರು ಕೊಳ್ಳುತ್ತಾರೆ? ಗಂಡನ ಹೊಲವನ್ನು ತಾನೇ ಕೈಯಾರೆ ನೀರಿಗೆ ಹಾಕಿದೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಮೈಲಾರಪ್ಪ ಮಳೆ ಬಿಡುವು ಕೊಟ್ಟ ಮೇಲೆ ನೀರನ್ನು ಮೊಗೆದು ಚೆಲ್ಲಿ, ಹಗ್ಗ ಕಟ್ಟಿಕೊಂಡು ಇಳಿದ. ಕೊಳೆತ ಜೋಳವನ್ನು ಬುಟ್ಟಿ ಬುಟ್ಟಿಯಾಗಿ ಎತ್ತಿ ಕೊಟ್ಟ, ಅಜೀಜಾಬಿ ಮೇಲೆ ನಿಂತು ಎಳೆದು ತಿಪ್ಪೆಗೆ ಚೆಲ್ಲಿದಳು. ಜೋಳ ಮುಗಿದ ಮೇಲೆ ಕೆಸರು, ಕೆಸರು ಮುಗಿದ ಮೇಲೆ ಮೆತ್ತನೆಯ ಕಲ್ಲು. ನಾತ ಹೋಗಲೆಂದು ಅವನು ಅದನ್ನೂ ಒಂದಿಷ್ಟು ಕೆತ್ತಿದ. ಕೆತ್ತಿದಲ್ಲಿ ಸೆಲೆ ಒಡೆಯಿತು. ಪಾದದ ಸುತ್ತ ತಣ್ಣಗೆ ಎದ್ದ ನೀರನ್ನು ಅವನು ಬೊಗಸೆಯಲ್ಲಿ ಹಿಡಿದು ನೋಡಿದ, ಕುಡಿದ, ಮತ್ತೆ ಕುಡಿದ.

"ರೇವೀ," ಎಂದು ಒಳಗಿನಿಂದ ಕೂಗಿದ. "ಸಿಹಿ ಐತಿ ಬೇ!"

ಹಿಂದೆ ಕುಲಕರ್ಣಿಯವರು ಹಿತ್ತಲಲ್ಲಿ ಬಾವಿ ತೋಡಿಸಲು ಹೋಗಿ ಕರಿಕಲ್ಲು ಬಂದು ಕೈಬಿಟ್ಟಿದ್ದರಂತೆ. ಅಂಗಳದ ನಟ್ಟನಡುವೆ ಹುಡುಕುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ಬರುವುದಾದರೂ ಹೇಗೆ, ಅಲ್ಲಿ ಹಗೇವು ತೋಡುವ ಹುಚ್ಚರಿರಲಿಲ್ಲ. ರಹಿಮಾನಸಾಬ ಗುಂಡಿಯನ್ನು ಅಗಲಿಸಿ, ಸುತ್ತ ಕಲ್ಲು ಕಟ್ಟಿಸಿ, ರಾಟೆ ಕೂಡಿಸಿದ. ಒಳಗೆ ಇಳಿಯಲು ಮೆಟ್ಟಿಲು ಬೇಡವೇ ಬೇಡ ಎಂದು ಮೈಲಾರಪ್ಪ ಹಠ ಹಿಡಿದ. ನಾರುಹುಣ್ಣಿನ ಕಾಲಿನಿಂದಲೇ ಹುಳ ನೀರಿಗೆ ಇಳಿಯುತ್ತದೆ; ನೀರಿಗೆ ಕಾಲು ತಾಗಬಾರದು, ಹಗ್ಗದಿಂದಲೇ ಸೇದಬೇಕು. ಬೇಸಗೆ ಕಾಲಿಟ್ಟು ಕೆರೆಯಾಚೆಯ ಸರ್ಕಾರಿ ಬಾವಿ ತಳ ಕಂಡಾಗ ಊರ ಹೆಂಗಸರು ಒಬ್ಬೊಬ್ಬರೇ ಕೊಡ ಹಿಡಿದು ಬಂದರು. ಅಂಬಲಿಯ ಮಾತಾಡಿದವರೂ ಬಂದರು. ಮೈಲಾರಪ್ಪ ಕಟ್ಟೆಯ ಬಾಜು ಕೂತು ಅವರೊಂದಿಗೆ ಮಳೆ, ಬೆಳೆ, ಮಕ್ಕಳ ಕೆಮ್ಮು, ಎಲ್ಲ ಮಾತಾಡುತ್ತಿದ್ದ. ಗಂಡನಿಗೆ ಇಷ್ಟು ಮಾತು ಬರುತ್ತದೆ ಎಂದು ರೇವವ್ವನಿಗೆ ಗೊತ್ತೇ ಇರಲಿಲ್ಲ.

ಶಿವರಾತ್ರಿ ದಾಟಿತು, ಯುಗಾದಿ ಹತ್ತಿರ ಬಂತು. ಹುಬ್ಬಳ್ಳಿಯಿಂದ ಭತ್ತದ ವ್ಯಾಪಾರಿ ಏಕನಾಥ ಸಾವಕಾರ ಮನೆ ನೋಡಲು ಬಂದ. ಗೋದಾಮಿಗೆ ಜಾಗ ಹುಡುಕುತ್ತಿದ್ದ. ತೊಲೆ ತಟ್ಟಿ ನೋಡಿದ, ಗೋಡೆ ಗುದ್ದಿ ನೋಡಿದ, ಪಡಸಾಲೆಯಲ್ಲಿ ಎಷ್ಟು ಚೀಲ ಹಿಡಿಯುತ್ತದೆ ಎಂದು ಕಣ್ಣಲ್ಲೇ ಅಳೆದ. ಕೊನೆಗೆ ಅವನು ಹೇಳಿದ ಬೆಲೆ ಕೇಳಿ ರೇವವ್ವನ ಕಿವಿ ಬಿಸಿಯಾಯಿತು. ಬನ್ನಿಗಿಡದ ಹೊಲ ಬಂದು, ಎತ್ತಿನ ಜೋಡಿಯೂ ಬರುವಷ್ಟು.

"ಒಂದ ಮಾತು," ಎಂದ ಸಾವಕಾರ. "ಲಾರಿ ಅಂಗಳದಾಗ ಬರಬೇಕು. ಆ ಬಾವಿ ಮುಚ್ಚಿಸಿ ಕೊಡ್ರಿ."

"ಅದಕ್ಕೇನ್ರಿ, ಮುಚ್ಚಿಸಿ ಕೊಡ್ತೇವಿ," ಎಂದಳು ರೇವವ್ವ ಒಂದು ಉಸಿರಿಗೆ.

"ಮುಚ್ಚಂಗಿಲ್ಲ."

ಯಾರು ಅಂದದ್ದು ಎಂದು ಮೂವರೂ ಒಂದು ಕ್ಷಣ ಹುಡುಕಿದರು. ಅಂದವನಿಗೇ ಗಾಬರಿಯಾದ ಹಾಗಿತ್ತು. ಮೈಲಾರಪ್ಪ ಕಂಬ ಹಿಡಿದು ಎದ್ದು ನಿಂತಿದ್ದ.

"ಬಾವಿ ಮುಚ್ಚಂಗಿಲ್ರಿ ಸಾವಕಾರ್ರ," ಎಂದು ಮತ್ತೆ ಹೇಳಿದ.

ಸಾವಕಾರ ಗಂಡನನ್ನೊಮ್ಮೆ ಹೆಂಡತಿಯನ್ನೊಮ್ಮೆ ನೋಡಿ ಟೊಪ್ಪಿಗೆ ಹಾಕಿಕೊಂಡ. "ಮನಿಯಾಗ ಮಾತಾಡ್ಕೋರಿ. ಸೋಮವಾರ ಬರ್ತೇನಿ," ಎಂದು ಹೋದ.

ಅವನು ಓಣಿ ದಾಟುವುದೇ ತಡ, ರೇವವ್ವನ ಬಾಯಿ ತೆರೆಯಿತು. ಯಾರ ಸಲುವಾಗಿ ಪರದೇಶಕ್ಕೆ ಬಂದೆ, ಯಾರ ಸಲುವಾಗಿ ಮಣ್ಣು ಮೆತ್ತಿದೆ, ಊರವರ ನಗು ಯಾರ ಸಲುವಾಗಿ ಕೇಳಿದೆ ಎಂದು ಮನೆ ಹಾರಿಹೋಗುವಂತೆ ಕೂಗಿದಳು. "ನಿಮಗ ಹೊಲಾ ಬ್ಯಾಡೇನ್ರಿ? ಇಷ್ಟ ಹೇಳ್ರಿ!"

"ಬೇಕು," ಎಂದ ಮೈಲಾರಪ್ಪ. "ಕಣ್ಣ ಮುಚ್ಚಿದ್ರ ಅದ ಕಾಣತೈತಿ. ಆದ್ರ ಸಿಹಿನೀರ ಮುಚ್ಚಿ ಬಂದಾಂವಾ ಅಂದ್ರ, ಆ ಹೊಲದಾಗ ಬಿತ್ತಾಕ ನನ್ನ ಕೈ ಏಳಂಗಿಲ್ಲ."

ರೇವವ್ವ ಮರುದಿನ ಬೆಳಗಾಗುತ್ತಲೇ ಬಸ್ಸು ಹತ್ತಿ ಮೊರಬಕ್ಕೆ ಹೊರಟಳು. ಭಾವನ ಕಾಲು ಹಿಡಿದಾದರೂ ಇನ್ನೊಂದು ವರ್ಷದ ಅವಧಿ ಬೇಡಬೇಕು, ಅಷ್ಟರಲ್ಲಿ ಗಂಡನ ಹುಚ್ಚು ಇಳಿಯಬಹುದು ಎಂಬುದು ಅವಳ ಯೋಚನೆ.

ಮಡಿವಾಳೆಪ್ಪನ ಹೆಂಡತಿ ನೀಲಕ್ಕ ಅಗದಿ ಪ್ರೀತಿಯಿಂದ ಕರೆದು ಕೂಡಿಸಿ, ಬಿಸಿಲಲ್ಲಿ ಬಂದಾಳೆಂದು ತಂಬಿಗೆ ತುಂಬ ನೀರು ಕೊಟ್ಟಳು. ಕೆರೆಯ ನೀರು. ಸೀರೆಯ ಸೆರಗು ಮಡಿಸಿ ಸೋಸಿದ್ದರೂ ಕಂದು ಬಣ್ಣ ಹೋಗಿರಲಿಲ್ಲ. ಹುಟ್ಟಿದಾಗಿನಿಂದ ಅದನ್ನು ನೋಡದೆ ಕುಡಿದ ರೇವವ್ವ ಇವತ್ತು ತಂಬಿಗೆಯೊಳಗೆ ಇಣುಕಿ ನೋಡಿದಳು. ಗಂಡನ ಕಾಲಿನಿಂದ ಬಿಳಿಯ ದಾರ ಹೊರಗೆ ಬಂದ ದಿನಗಳು ನೆನಪಾದವು. ಕಡ್ಡಿಗೆ ಸುತ್ತಿ ದಿನಕ್ಕೊಂದಿಷ್ಟು ಎಳೆಯುವಾಗ ಅವನು ಹಲ್ಲು ಕಚ್ಚಿ ಅವಳ ಕೈ ಹಿಡಿಯುತ್ತಿದ್ದ. ಕೊಟ್ಟ ನೀರು ಬೇಡ ಅನ್ನಬಾರದು. ಕುಡಿದಳು. ಕುಡಿಯುತ್ತ ಕುಡಿಯುತ್ತ ಅವಳ ಸಿಟ್ಟೆಲ್ಲ ಇಳಿದುಹೋಯಿತು. ಆ ಮನುಷ್ಯ ಸರಿಯಾಗಿಯೇ ಹೇಳಿದ್ದ, ತಾನೇ ಕುರುಡಿಯಾಗಿದ್ದೆ; ಸಿಹಿನೀರಿನ ಆ ಮನೆಯನ್ನು ಯಾರಿಗೂ ಮಾರುವುದು ಬೇಡ ಎಂದುಕೊಂಡಳು.

ಮಡಿವಾಳೆಪ್ಪ ಬಂದು ಕೂತು, "ರೊಕ್ಕಾ ಕೂಡ್ತೇನವಾ?" ಎಂದು ಕೇಳಿದ.

"ಇಲ್ರಿ ಭಾವಾರ. ಹೊಲಾ ಮಂದಿಗೆ ಕೊಟ್ಟಬಿಡ್ರಿ."

"ಅಂವಾ ಏನಂದ?"

"ಅವರ ಬ್ಯಾಡಂದ್ರು."

ಬನ್ನಿಗಿಡದ ಹೊಲ ಬೇಡ ಅನ್ನುವ ತಮ್ಮನನ್ನು ಮಡಿವಾಳೆಪ್ಪ ಕಂಡೇ ಇರಲಿಲ್ಲ. "ಅಲ್ಲೆ ಆರಾಮ ಅದಾನಲ್ಲ?" ಎಂದು ಕೇಳಿದ. ಆರಾಮ ಇದ್ದಾರೆ ಎಂದು ಹೇಳಿ ರೇವವ್ವ ಎದ್ದಳು. ಬಸ್ಸಿನ ಕಿಟಕಿಯಿಂದ ಆ ಹೊಲ ಕಾಣುತ್ತಿತ್ತು. ಅದು ಹಿಂದೆ ಸರಿಯುವವರೆಗೂ ಅವಳು ಅತ್ತಳು, ಬಾಜು ಕೂತವರು ಏನಂದುಕೊಂಡರೋ ಅವಳಿಗೆ ಪರಿವೆಯಿರಲಿಲ್ಲ.

ಸೋಮವಾರ ಏಕನಾಥ ಸಾವಕಾರ ಬಂದ. ರೇವವ್ವ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಮಾತು ಗಂಡನೇ ಆಡಲಿ ಎಂದು ಬಾಗಿಲ ಹಿಂದೆ ನಿಂತಳು. ಮೈಲಾರಪ್ಪ ಆಗತಾನೆ ಸೇದಿದ ನೀರನ್ನು ತಂಬಿಗೆಯಲ್ಲಿ ತಂದಿಟ್ಟ.

"ಮನಿ ಮಾರೂದಿಲ್ರಿ ಸಾವಕಾರ್ರ. ಬಿಸಲಾಗ ಬಂದೀರಿ, ನೀರ ಕುಡೀರಿ."

ಸಾವಕಾರ ಕುಡಿದ. ಇನ್ನೊಂದು ತಂಬಿಗೆ ಕೇಳಿ ಕುಡಿದ. ಒಳ್ಳೆಯ ಮನೆ ಕೈತಪ್ಪಿತು ಎಂದು ಪೇಚಾಡುತ್ತ ಎದ್ದ. ಆಗ ರೇವವ್ವನಿಗೆ ತಡೆಯಲಾಗಲಿಲ್ಲ, ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು.

"ಸಾವಕಾರ್ರ, ನಿಮಗ ಬೇಕಾದ್ದು ಗೋದಾಮಲ್ಲ? ಊರ ಹೊರಗ ರಸ್ತಾಕ ಹತ್ತಿ ಗೌಡ್ರ ಹಳೇ ಮನಿ ಬಿದ್ದೈತಿ. ಲಾರಿ ಸೀದಾ ಒಳಗ ಬರ್ತೈತಿ. ನೀವು ಕೊಳ್ರಿ, ಮುಂದಿಂದು ನನಗ ಬಿಡ್ರಿ. ಮಳಿಗಾಲದಾಗ ಒಂದ ಹನಿ ಬೀಳದಂಗ ಮಾಡಿಸಿ ಕೊಡ್ತೇನಿ."

ಸಾವಕಾರ ಹೊಸ್ತಿಲಲ್ಲೇ ನಿಂತ. ಈ ಮನೆಯ ತೊಲೆಗಳತ್ತ ಇನ್ನೊಮ್ಮೆ ಕಣ್ಣು ಹಾಯಿಸಿದ. ಆಮೇಲೆ ಟೊಪ್ಪಿಗೆ ತೆಗೆದು ಮತ್ತೆ ಕೂತ.

ಹಾಗೆ ಶುರುವಾದ ಕೆಲಸ ನಿಲ್ಲಲಿಲ್ಲ. ಗೌಡರ ಮನೆ ಆಯಿತು, ಆಮೇಲೆ ಕಲಘಟಗಿಯಲ್ಲೇ ಒಂದು, ಅಳ್ನಾವರದ ಕಡೆ ಇನ್ನೊಂದು. ಕೆಲವನ್ನು ಕೂಲಿಗೆ ಮಾಡಿಸಿಕೊಟ್ಟಳು, ಕೆಲವನ್ನು ತಾನೇ ಕೊಂಡು ಮಾರಿದಳು. ರಹಿಮಾನಸಾಬನೂ ಅವಳೂ ಪ್ರತಿ ಮನೆಗೂ ಮೊದಲ ದಿನ ಜಗಳಾಡಿಯೇ ಕೆಲಸಕ್ಕೆ ಕೈಹಚ್ಚುತ್ತಿದ್ದರು. ಅಂಗಳದಲ್ಲಿ ನೀರಿರುವ ಮನೆಯೆಂದು ಹುಣಸಿಕೊಪ್ಪದ ಶಾಲೆಯ ಪ್ರಭಂಜನ ಮಾಸ್ತರರು ತಾಯಿಯನ್ನು ಕರೆದುಕೊಂಡು ಅರ್ಧ ಮನೆಗೆ ಬಾಡಿಗೆಗೆ ಬಂದರು. ಕೆರೆಯ ಕೆಳಗೆ ಒಂದು ತುಂಡು ಗದ್ದೆ ಮಾರಾಟಕ್ಕೆ ಬಂದ ವರ್ಷ ರೇವವ್ವ ಯಾರನ್ನೂ ಕೇಳದೆ ಅದನ್ನು ಗಂಡನ ಹೆಸರಿಗೆ ಕೊಂಡಳು.

ಎರೆಯಲ್ಲ, ಕೆಂಪು ಮಣ್ಣು. ಜೋಳವಲ್ಲ, ಭತ್ತ. ಮೈಲಾರಪ್ಪನಿಗೆ ಭತ್ತ ನಾಟುವುದು ಬರುತ್ತಿರಲಿಲ್ಲ; ಅಜೀಜಾಬಿ ಬಂದು ಸಸಿ ಹಿಡಿಯುವುದನ್ನು ತೋರಿಸಿಕೊಟ್ಟಳು. ನಾಟಿಯ ಮೊದಲ ದಿನ ಅವನು ಸೊಟ್ಟ ಕಾಲನ್ನು ಕೆಸರಿನಲ್ಲಿ ಊರಿ, ಒಂದು ಸಾಲು ನೆಟ್ಟು, ಬೆನ್ನು ನೆಟ್ಟಗೆ ಮಾಡಿ ಗದ್ದೆಯ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ನೋಡುತ್ತ ನಿಂತವನ ಮುಖದ ತುಂಬ ಕಣ್ಣೀರು ಇಳಿಯತೊಡಗಿತು. ಬದುವಿನ ಮೇಲೆ ಬುತ್ತಿ ಹಿಡಿದು ನಿಂತಿದ್ದ ರೇವವ್ವ ನೋಡಿದಳು.

"ನಿಂತ್ರ ನಾಟಿ ಆಗತೈತೇನ್ರಿ? ನಡೀರಿ, ಮಳಿ ಬಂತು," ಎಂದು ಗದರಿದಳು. ಬುತ್ತಿಯನ್ನು ಬದುವಿನ ಮೇಲಿಟ್ಟು ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.